ಸಿಂಗಲ್ ಯಾವುದು, ಆಲ್ಬಂ ಯಾವುದು: ನಾನು ಪತ್ತೆ ಮಾಡುವ ರೀತಿ

ಹಳೆಯ ಇಂಗ್ಲಿಷ್ ಪಾಪ್ ಹಾಡುಗಳ ಮರುಬಿಡುಗಡೆ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಕವರ್ ಮೇಲಿನ ಬರಹ ನಂಬಬೇಡಿ, ಹಾಡು ಕೇಳಿ. ಸಿಂಗಲ್ ಅಂದರೆ ಬಿಡಿಯಾಗಿ ಬಿಡುಗಡೆಯಾದ ಹಾಡು, ಆಲ್ಬಂ ಅಂದರೆ ಹಲವು ಹಾಡುಗಳ ಗುಚ್ಛ. ಒಂದೇ ಹಾಡು ಎರಡರಲ್ಲೂ ಬೇರೆ ಬೇರೆ ರೂಪದಲ್ಲಿ ಇರಬಹುದು. 'ಸಿಂಗಲ್ ವರ್ಷನ್' ಎಂದು ಅಚ್ಚಾಗಿದ್ದ ಒಂದು ಸಿಡಿಯಲ್ಲಿ ನನಗೆ ಸಿಕ್ಕಿದ್ದು ಆಲ್ಬಂ ಹಾಡೇ.

ಮಂಗಳೂರಿನಲ್ಲಿ ಗಲ್ಫ್‌ನಿಂದ ಬಂದವರ ಮನೆಗಳಲ್ಲಿ ಕ್ಯಾಸೆಟ್, ಸಿಡಿಗೆ ಬರ ಇರಲಿಲ್ಲ. ಕದ್ರಿಯ ನಮ್ಮ ಮನೆಗೂ ಹಾಗೇ ಬಂದು ಸೇರಿದವು. ಒಂದೇ ಹಾಡು ನಾಲ್ಕಾರು ಸಂಗ್ರಹಗಳಲ್ಲಿ ಇರುತ್ತಿತ್ತು.

ಕೆಲವನ್ನು ಗಡಿಯಾರ ನೋಡಿಯೇ ಹೇಳಬಹುದು. ಡೋರ್ಸ್ ತಂಡದ 'ಲೈಟ್ ಮೈ ಫೈರ್' 1967ರ ಆಲ್ಬಂನಲ್ಲಿ ಸುಮಾರು 7 ನಿಮಿಷ. ರೇಡಿಯೋಗೆಂದು ಆರ್ಗನ್, ಗಿಟಾರ್ ಭಾಗ ಕತ್ತರಿಸಿದ ಸಿಂಗಲ್ 3 ನಿಮಿಷಕ್ಕೂ ಕಡಿಮೆ.

ಉದ್ದ ಹೆಚ್ಚುಕಮ್ಮಿ ಒಂದೇ ಇದ್ದಾಗ ಕಷ್ಟ. ಬೀಟಲ್ಸ್‌ನ 'ಲವ್ ಮಿ ಡು' ತಗೊಳ್ಳಿ. 1962ರ ಮೊದಲ ಸಿಂಗಲ್‌ನಲ್ಲಿ ಡ್ರಮ್ಸ್ ಬಾರಿಸಿದ್ದು ತಂಡದವರೇ ಆದ ರಿಂಗೋ ಸ್ಟಾರ್. ಒಂದು ವಾರದ ಮೇಲೆ ಮತ್ತೆ ರೆಕಾರ್ಡ್ ಮಾಡಿದಾಗ ಡ್ರಮ್ಸ್‌ಗೆ ಹೊರಗಿನಿಂದ ಕರೆಸಿದ ಆಂಡಿ ವೈಟ್ ಕೂತರು, ರಿಂಗೋ ಕೈಗೆ ಟ್ಯಾಂಬೊರಿನ್ (ಬಿಲ್ಲೆಗಳು ಝಲ್ಲೆನ್ನುವ ಕೈವಾದ್ಯ) ಬಂತು. 1963ರ ಆಲ್ಬಂ ಸೇರಿದ್ದು ಇದೇ. ಮುಂದೆ ಸಿಂಗಲ್‌ನ ಮರುಮುದ್ರಣಕ್ಕೂ ಇದನ್ನೇ ಹಾಕಿದರು, ಗೊಂದಲ ಶುರುವಾಗಿದ್ದೇ ಅಲ್ಲಿ. ಹೆಡ್‌ಫೋನ್ ಹಾಕಿ ಕೇಳಿ. ಟ್ಯಾಂಬೊರಿನ್ ಝಲ್ ಝಲ್ ಅಂದರೆ ಆಲ್ಬಂನದು, ಇಲ್ಲದಿದ್ದರೆ ಮೊದಲ ಸಿಂಗಲ್. 'ಲೆಟ್ ಇಟ್ ಬಿ'ಗೆ ಗುರುತು ನಡುವಿನ ಗಿಟಾರ್. 1970ರ ಸಿಂಗಲ್‌ನಲ್ಲಿ ಅದು ಮೆತ್ತಗೆ ತೇಲುತ್ತದೆ. ನಿರ್ಮಾಪಕ ಫಿಲ್ ಸ್ಪೆಕ್ಟರ್ ಕೈಯಾಡಿಸಿದ ಆಲ್ಬಂನಲ್ಲಿ ಒರಟಾಗಿ ಚುಚ್ಚುತ್ತದೆ. ನನಗೆ ಸಿಂಗಲ್‌ನದೇ ಇಷ್ಟ, ಆ ಹಾಡಿಗೆ ಅಷ್ಟು ಮೆದು ಬೇಕು.

ಇನ್ನೂ ಅನುಮಾನ ಉಳಿದರೆ ಕಂಪ್ಯೂಟರ್‌ನಲ್ಲಿ ಆಡಾಸಿಟಿ ಎಂಬ ಆಡಿಯೋ ಎಡಿಟಿಂಗ್ ತಂತ್ರಾಂಶ ತೆರೆಯುತ್ತೇನೆ. ಎರಡೂ ಸಿಡಿಯ ಹಾಡನ್ನು ಮೇಲೆ ಕೆಳಗೆ ಇಟ್ಟು, ಮೊದಲ ಹೊಡೆತವನ್ನು ಪೂರಾ ಝೂಮ್ ಮಾಡಿ ಹೊಂದಿಸುತ್ತೇನೆ. ವಾಲ್ಯೂಮ್ ಸಮ ಮಾಡಿ, ಒಂದನ್ನು ಇನ್ವರ್ಟ್ ಮಾಡಿ (ಅಂದರೆ ಅದರ ಧ್ವನಿ ಅಲೆಯನ್ನು ತಲೆಕೆಳಗು ಮಾಡಿ), ಒಟ್ಟಿಗೆ ಪ್ಲೇ ಮಾಡುತ್ತೇನೆ. ಎರಡೂ ಒಂದೇ ಆಗಿದ್ದರೆ ಏನೂ ಕೇಳಿಸಲ್ಲ. ಎಲ್ಲೋ ಒಂದು ಕಡೆ ಮಾತ್ರ ಸದ್ದು ಎದ್ದರೆ ಬದಲಾವಣೆ ಅಲ್ಲೇ ಇದೆ. ಶುರುವಿನಲ್ಲಿ ಸದ್ದಿಲ್ಲದೆ, ಬರಬರುತ್ತಾ ಜಾಸ್ತಿಯಾದರೆ ಟೇಪ್ ಓಡಿದ ವೇಗ ಬೇರೆ ಅಂತ ಅರ್ಥ. ಆಗ ಈ ಉಪಾಯ ನಡೆಯಲ್ಲ, ಕಿವಿಯೇ ಗತಿ. ಎಲ್‌ಪಿಗೂ ಅಷ್ಟೇ. ಟರ್ನ್‌ಟೇಬಲ್ ವೇಗ ಕೂದಲೆಳೆಯಷ್ಟು ಏರಿಳಿಯುತ್ತದೆ, ಜೊತೆಗೆ ನಮ್ಮೂರ ಮಳೆಗಾಲದ ಬೂಸಿನ ಚಟಪಟ ಬೇರೆ.

ಗೊತ್ತಾದ ಕೂಡಲೇ ಫೈಲ್ ಹೆಸರಿನಲ್ಲೇ ಬರೆದಿಡಿ: ಸಿಂಗಲ್ಲೋ ಆಲ್ಬಮ್ಮೋ, ಮೋನೋನೋ ಸ್ಟೀರಿಯೋನೋ, ಯಾವ ವರ್ಷದ ಸಿಡಿ. ಮೂಲ ಸಿಡಿಯನ್ನು ಮಾತ್ರ ಯಾರಿಗೂ ಕೊಡಬೇಡಿ.