ಕ್ಲೌಡ್ ರೆಂಡರಿಗೆ ಎಷ್ಟ್ ತಾಸು, ಎಷ್ಟ್ ರೊಕ್ಕ? ಕ್ಲೈಂಟಿಗೆ ರೇಟ್ ಹೇಳೋ ಮೊದ್ಲ ಹಾಕೋ ಲೆಕ್ಕ

ಒಂದ್ ನಿಮಿಷದ ಅನಿಮೇಷನ್ ಕ್ಲೌಡಿನ್ಯಾಗ (ಇಂಟರ್ನೆಟ್ ಮ್ಯಾಲ ಬಾಡಿಗೆಗೆ ಸಿಗೋ ಮಷೀನಿನಾಗ) ರೆಂಡರ್ ಮಾಡ್ಲಾಕ, ಅಂದ್ರ 3ಡಿ ಸೀನಿನಿಂದ ಚಿತ್ರ ತಗೀಲಾಕ, ಎಷ್ಟ್ ಬೀಳ್ತದ ಅಂತ ಭಾಳ ಮಂದಿ ಕೇಳ್ತಾರ, ಆದ್ರ ನಿಮಿಷಕ್ಕ ಇಷ್ಟು ಅಂತ ರೇಟ್ ಇರಂಗಿಲ್ರಿ. ರೇಟ್ ಇರೋದು ಮಷೀನ್ ಓಡಿದ ತಾಸಿಗೆ. ಆ ತಾಸು ಎಷ್ಟ್ ಅಂತ ಹೇಳೋದು ನಿಮ್ಮ ಸೀನ್ ಮಾತ್ರ, ಅದಕ್ಕ ಅದನ್ನ ನೀವೇ ಅಳೀಬೇಕು. ನಮ್ಮ ಕಲಬುರಗಿ ಕಡೆ ಏಪ್ರಿಲ್-ಮೇದಾಗ ಬಿಸಲು 40 ಡಿಗ್ರಿ ದಾಟ್ತದ, ಅಂಥಾದ್ರಾಗ ಮನ್ಯಾಗಿನ ಒಂದೇ ಸಿಸ್ಟಮ್ ಹಗಲೂ ರಾತ್ರಿ ಓಡಿಸಿ, ನಡುವ ಕರೆಂಟ್ ಹೋಗಿ, ಡೆಡ್‌ಲೈನ್ ತಪ್ಪಿಸ್ಕೊಳ್ಳೋದಕ್ಕಿಂತ ಕ್ಲೌಡ್ ಎಷ್ಟೋ ಛಲೋ, ಆದ್ರ ಲೆಕ್ಕ ಹಾಕದೆ ಹೋದ್ರ ಕೆಲಸದ ಲಾಭ ಪೂರಾ ಅಲ್ಲೇ ಹೋಗ್ತದ.

ಒಂದು ಉದಾಹರಣೆ ಇಟ್ಕೊಂಡ್ ನೋಡೋಣ. ಪ್ರವಾಸದ ಪ್ರಚಾರಕ್ಕಂತ 60 ಸೆಕೆಂಡಿನ ಒಂದು ವಿಡಿಯೋ, ಸೆಕೆಂಡಿಗೆ 25 ಫ್ರೇಮ್ ಅಂದ್ರ ಒಟ್ಟು 1500 ಫ್ರೇಮ್. ಅದರೊಳಗ ನಾಲ್ಕು ಶಾಟ್: ಕಲಬುರಗಿ ಕೋಟೆ ಮ್ಯಾಲಿಂದ ಕಾಣೋದು 500 ಫ್ರೇಮ್, ಕೋಟೆ ಒಳಗಿನ ಜಾಮಿ ಮಸೀದಿ ಒಳಾಂಗಣ 600, ಬಿದರಿ ಹೂಜಿ ಕ್ಲೋಸಪ್ 300, ಕಡೀಗೆ ಟೈಟಲ್ 100.

ಇಲ್ಲೇ ನೋಡ್ರಿ ಬಹಳಷ್ಟು ಎಸ್ಟಿಮೇಟ್ ಕೆಡೋದು. ಮೊದಲನೇ ಫ್ರೇಮ್ ಒಂದು ರೆಂಡರ್ ಮಾಡಿ, 2 ನಿಮಿಷ ಬಂತು, 1500ಕ್ಕ ಗುಣಿಸಿ 50 ತಾಸು ಅಂತ ಬರಕೊಂಡ್ಬಿಡ್ತಾರ. ಆದ್ರ ಮೊದಲನೇ ಫ್ರೇಮ್ ಬಯಲಾಗಿಂದು, ಆಕಾಶದ ಬೆಳಕು ನೇರ ಬೀಳ್ತದ, ಸಲೀಸಾಗಿ ಮುಗೀತದ. ಜಾಮಿ ಮಸೀದಿ ಹಂಗಲ್ಲ, 1367ರಾಗ ಕಟ್ಟಿದ್ದು, ಬ್ಯಾರೆ ಮಸೀದಿಗಳಂಗ ನಡುವ ತೆರೆದ ಅಂಗಳ ಇಲ್ಲ, ಪೂರಾ ಗುಮ್ಮಟದಿಂದ ಮುಚ್ಚೇದ. ಬೆಳಕು ಬರೋದು ಅಂಚಿನ ಕಮಾನುಗಳಿಂದ, ಆಮ್ಯಾಲ ಕಂಬಕ್ಕ ಗ್ವಾಡಿಗೆ ಬಡದು ಬಡದು ಒಳಗ ಹರೀಬೇಕು. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಿನ ಸೈಕಲ್ಸ್‌ನಂಥ ಪಾತ್ ಟ್ರೇಸರಿಗೆ (ಬೆಳಕಿನ ಕಿರಣದ ದಾರಿ ಹಿಡಿದು ಚಿತ್ರ ತಗಿಯೋ ರೆಂಡರರಿಗೆ) ಇದು ಭಾಳ ಕಷ್ಟದ ಕೆಲಸ, ನಾಯ್ಸ್ (ಚಿತ್ರದಾಗ ಏಳೋ ಚುಕ್ಕಿ) ಹೋಗ್ಬೇಕಂದ್ರ ಸ್ಯಾಂಪಲ್ (ಒಂದು ಪಿಕ್ಸೆಲ್ಲಿಗೆ ಬಿಡೋ ಕಿರಣದ ಸಂಖ್ಯೆ) ಏರಿಸ್ಬೇಕು. ಬಿದರಿನೂ ಹಂಗೇ, ಕರೀ ಮೈಯಾಗ ಬೆಳ್ಳಿ ಎಳಿ ಹೊಳೀತದಲ್ಲ, ಆ ಹೊಳಪಿನಾಗ ಬಿಳೀ ಚುಕ್ಕಿ ಬಿಟ್ಟೂಬಿಡದೆ ಏಳ್ತಾವ.

ಅದಕ್ಕ ಶಾಟ್‌ವಾರು ಅಳೀರಿ. ಬ್ಲೆಂಡರಿನ ಔಟ್‌ಪುಟ್ ಪ್ಯಾನೆಲ್‌ನ್ಯಾಗ ಫ್ರೇಮ್ ರೇಂಜ್ ಕೆಳಗ ಸ್ಟೆಪ್ ಅಂತ ಅದ, ಅಲ್ಲಿ 50 ಹಾಕಿದ್ರ 50ಕ್ಕ ಒಂದು ಫ್ರೇಮ್ ಮಾತ್ರ ರೆಂಡರ್ ಆಗ್ತದ. ಅದರ ಜೋಡಿ ಕ್ಯಾಮೆರಾ ಏನರ ತೀರಾ ಹತ್ರ ಹೋಗೋ ಫ್ರೇಮು, ಹೊಗಿ-ಧೂಳು ಇರೋ ಫ್ರೇಮು ಬ್ಯಾರೆಯಾಗಿ ಓಡಿಸಿ ಸರಾಸರಿ ತಗೀರಿ. ನಮ್ಮ ಉದಾಹರಣೆದಾಗ ಕೋಟೆ 2 ನಿಮಿಷ, ಮಸೀದಿ 9, ಬಿದರಿ 5, ಟೈಟಲ್ 20 ಸೆಕೆಂಡ್ ಬಂತು ಅಂತ ಹಿಡೀರಿ. 1000 + 5400 + 1500 + 33, ಒಟ್ಟು 7933 ನಿಮಿಷ, ಅಂದ್ರ ಸುಮಾರು 132 ತಾಸು. ಆ 50 ಎಲ್ಲಿ, ಈ 132 ಎಲ್ಲಿ.

ಫುಲ್ ಸೈಜಿನಾಗ ಟೆಸ್ಟ್ ಮಾಡ್ಲಾಕ ಟೈಮ್ ಇಲ್ಲಾಂದ್ರ 50% ರೆಸಲ್ಯೂಷನ್ ಇಟ್ಟು ಬಂದ ಟೈಮನ್ನ 4ಕ್ಕ ಗುಣಿಸ್ಬಹುದು, ಯಾಕಂದ್ರ ಪಿಕ್ಸೆಲ್ ನಾಲ್ಕನೇ ಒಂದು ಭಾಗ ಇರ್ತಾವ. ಆದ್ರ ಸೀನ್ ಲೋಡ್ ಆಗೋ ಟೈಮ್ ಪಿಕ್ಸೆಲ್ ಜೋಡಿ ಏರಂಗಿಲ್ಲ ಇಳಿಯಂಗಿಲ್ಲ, ಅದನ್ನ ಮೊದ್ಲ ಕಳದು ಆಮ್ಯಾಲ ಗುಣಿಸ್ರಿ. ಕ್ಲೈಂಟ್ ನಡುವ ಬಂದು 4ಕೆ ಬೇಕಂದ್ರ 1080ರ ನಾಲ್ಕು ಪಟ್ಟು ಪಿಕ್ಸೆಲ್, ಬಿಲ್ಲೂ ಹೆಚ್ಚುಕಮ್ಮಿ ಅಷ್ಟೇ ಪಟ್ಟು. ನಾಯ್ಸ್ ಅರ್ಧ ಮಾಡ್ಬೇಕಂದ್ರೂ ಸ್ಯಾಂಪಲ್ ನಾಲ್ಕು ಪಟ್ಟು ಬೇಕು, ಅದಕ್ಕ ನಾನಂತೂ ಸ್ಯಾಂಪಲ್ ಏರಿಸೋ ಮೊದ್ಲ ಡಿನಾಯ್ಸರ್ (ಚುಕ್ಕಿ ಅಳಿಸೋ ಟೂಲ್) ಹಾಕಿ ನೋಡ್ರಿ ಅಂತೀನಿ, ಆದ್ರ ಒಂದೇ ಫ್ರೇಮ್ ನೋಡಿ ಒಪ್ಪಿಕೊಬ್ಯಾಡ್ರಿ, 20-30 ಫ್ರೇಮ್ ಓಡಿಸಿ ಮಿಣಮಿಣ ಅಂತದೇನು ನೋಡ್ರಿ.

ಇನ್ನ ನಿಮ್ಮ ಸಿಸ್ಟಮಿನ ತಾಸನ್ನ ಫಾರ್ಮಿನ (ರೆಂಡರಿಗಂತ ಮಷೀನ್ ಬಾಡಿಗೆ ಕೊಡೋರ) ತಾಸಿಗೆ ಬದಲಾಯಿಸೋದು. ಬ್ಲೆಂಡರ್ ಓಪನ್ ಡೇಟಾ ಸೈಟಿನಾಗ ಗ್ರಾಫಿಕ್ಸ್ ಕಾರ್ಡುಗಳ ಸ್ಪೀಡಿನ ಸ್ಕೋರ್ ಸಿಗ್ತಾವ, ನಿಮ್ಮ ಕಾರ್ಡಿನ ಸ್ಕೋರೂ ಫಾರ್ಮಿನ ಕಾರ್ಡಿನ ಸ್ಕೋರೂ ಹೋಲಿಸ್ರಿ. ಅದು ಎರಡೂವರೆ ಪಟ್ಟು ಜೋರಿದ್ರ 132 ತಾಸು 53ಕ್ಕ ಇಳೀತದ. ಸಿಪಿಯು ಫಾರ್ಮ್ ಆದ್ರ ಗಿಗಾಹರ್ಟ್ಸ್-ತಾಸು ಅಂತ ರೇಟ್ ಹಾಕ್ತಾರ: 8 ಕೋರ್, 3.5 ಗಿಗಾಹರ್ಟ್ಸ್ ಗುಣಿಸಿದ್ರ ತಾಸಿಗೆ 28, ಫ್ರೇಮಿಗೆ 10 ನಿಮಿಷ ಹಿಡಿದ್ರ ಒಂದು ಫ್ರೇಮಿಗೆ ಅದರ ಆರನೇ ಒಂದು ಭಾಗ, 4.67, 1500 ಫ್ರೇಮಿಗೆ 7000. ಅದಕ್ಕ ಅವರ ರೇಟ್ ಗುಣಿಸಿದ್ರ ಆಯ್ತು.

ರೊಕ್ಕದ ಲೆಕ್ಕ ಈಗ. ತಾಸಿಗೆ ₹80 ಅಂತ ಲೆಕ್ಕಕ್ಕ ಹಿಡೀರಿ (ನಿಮ್ಮ ಫಾರ್ಮಿನ ಖರೇ ರೇಟ್ ಹಾಕ್ಕೋರಿ), 53 ತಾಸಿಗೆ ₹4240. ಫ್ರೇಮ್ ಕೆಡ್ತಾವ, ಕ್ಲೈಂಟ್ ಕಲರ್ ಬದಲಿ ಮಾಡಂತಾರ, ಒಂದೊಂದ್ ಮಷೀನೂ ಫೈಲ್ ಲೋಡ್ ಮಾಡ್ಕೊಳ್ಳೋ ಹೊತ್ತಿಗೂ ಮೀಟರ್ ಓಡ್ತಿರ್ತದ, ಅದಕ್ಕ 30% ಸೇರಿಸ್ರಿ, ₹5512. ಅದರ ಮ್ಯಾಲ 18% ಜಿಎಸ್‌ಟಿ, ₹6504. ಡಾಲರಿನಾಗ ಕಟ್ಟೋದಾದ್ರ ಬ್ಯಾಂಕಿನ ಫಾರೆಕ್ಸ್ ಮಾರ್ಕಪ್ ಬ್ಯಾರೆ, ಕಾರ್ಡಿನ ಚಾರ್ಜ್ ಪಟ್ಟಿ ತಗದು ನೋಡ್ರಿ.

ಟೈಮಿನ ಲೆಕ್ಕ ಬ್ಯಾರೇನ. 10 ಮಷೀನ್ ತೊಗೊಂಡ್ರ 53 ತಾಸಿನ ಕೆಲಸ ಐದೂವರೆ ತಾಸಿನಾಗ ಮುಗೀತದ, ರೊಕ್ಕ ಹೆಚ್ಚುಕಮ್ಮಿ ಅಷ್ಟೇ ಇರ್ತದ. ಆದ್ರ ಕ್ಯೂ ಇರ್ತದ, ಅಪ್‌ಲೋಡ್ ಇರ್ತದ, ಎಲ್ಲಕ್ಕಿಂತ ಡೌನ್‌ಲೋಡ್ ಇರ್ತದ. 1080ರ ಹಾಫ್ ಫ್ಲೋಟ್ ಇಎಕ್ಸ್‌ಆರ್ (ಬಣ್ಣದ ಮಾಹಿತಿ ಹೆಚ್ಚು ಹಿಡಿಯೋ ಇಮೇಜ್ ಫೈಲ್) ಕಂಪ್ರೆಸ್ ಮಾಡದಿದ್ರ ಒಂದು ಫ್ರೇಮ್ ಸುಮಾರು 16 ಎಂಬಿ, 1500 ಅಂದ್ರ 24-25 ಜಿಬಿ, 20 ಎಂಬಿಪಿಎಸ್ ಲೈನಿನಾಗ ತಾಸಿಗೆ 9 ಜಿಬಿ ಇಳೀತದ, ಅಂದ್ರ ಮೂರು ತಾಸು ಇದಕ್ಕೇ ಬೇಕು. ಪಾಸ್ (ಬೆಳಕು, ನೆರಳು ಹಿಂಗ ಬ್ಯಾರೆ ಬ್ಯಾರೆ ಪದರು) ಜಾಸ್ತಿ ತಗದ್ರ ಇನ್ನೂ ಹೆಚ್ಚು. ರೆಂಡರ್ ಮುಗಿಯೋ ತನಕ ಕಾಯದೆ, ಮುಗಿದ ಫ್ರೇಮ್ ಮುಗಿದಂಗ ಇಳಿಸ್ಕೋತ ಇರ್ರಿ.

ರೆಡಿಮೇಡ್ ಫಾರ್ಮ್ ಬ್ಯಾಡ, ನಾವೇ ಮಷೀನ್ ಬಾಡಿಗೆಗೆ ತೊಗೋತೀವಿ ಅನ್ನೋರಿಗೆ ಅಮೆಜಾನಿನ ಕ್ಲೌಡ್ ಎಡಬ್ಲ್ಯುಎಸ್ ಹೈದರಾಬಾದ್‌ದಾಗ 2022ರಿಂದ ಅದ, ಹತ್ರ ಅದ ಅಂತ ಅಲ್ಲೇ ತೊಗೊಬೇಕಂತಿಲ್ಲ, ರೆಂಡರಿಗೆ ದೂರದಿಂದ ಏನೂ ತೊಂದ್ರಿ ಇಲ್ಲ, ಯಾವ ರೀಜನ್ (ಮಷೀನ್ ಇರೋ ಜಾಗ) ಅಗ್ಗ ಅದ ಅದು ತೊಗೋರಿ. ಸ್ಪಾಟ್ ಮಷೀನ್ (ಖಾಲಿ ಇದ್ದಾಗ ಅಗ್ಗಕ್ಕ ಕೊಡೋವು) 90% ತನಕ ಕಡಿಮಿ ರೇಟಿಗೆ ಸಿಗಬಹುದು, ಆದ್ರ 2 ನಿಮಿಷ ಮೊದ್ಲ ಹೇಳಿ ವಾಪಸ್ ತೊಗೋತಾರ, 9 ನಿಮಿಷದ ಮಸೀದಿ ಫ್ರೇಮ್ ನಡುವ ಇದ್ರ ಅದು ಹೋದಂಗೇ. ರೊಕ್ಕನೇ ಇಲ್ಲಾಂದ್ರ ಶೀಪ್‌ಇಟ್ ಅಂತ ಬ್ಲೆಂಡರಿಗೆ ಪುಕ್ಕಟೆ ಫಾರ್ಮ್ ಅದ, ನಿಮ್ಮ ಸಿಸ್ಟಮ್ ಬ್ಯಾರೆಯವರಿಗೆ ಓಡಿಸಿ ಪಾಯಿಂಟ್ ಗಳಿಸೋದು, ಡೆಡ್‌ಲೈನ್ ಇರೋ ಕೆಲಸಕ್ಕ ಮಾತ್ರ ಅದರ ಮ್ಯಾಲ ನೆಚ್ಚಬ್ಯಾಡ್ರಿ.

ಪೂರಾ ಕೆಲಸ ಕಳಿಸೋ ಮೊದ್ಲ ಬಟ್ಟಿ, ನೀರು, ಹೊಗಿ ಸಿಮ್ಯುಲೇಷನ್ ಎಲ್ಲಾ ಬೇಕ್ ಮಾಡ್ರಿ (ಲೆಕ್ಕ ಮೊದ್ಲೇ ಮಾಡಿಸಿ ಉಳಿಸಿಡ್ರಿ), ಇಲ್ಲಾಂದ್ರ ಒಂದೊಂದ್ ಮಷೀನಿನಾಗ ಒಂದೊಂಥರಾ ಬರ್ತದ. ಟೆಕ್ಸ್ಚರ್ (ಮ್ಯಾಲ್ಮೈ ಚಿತ್ರ) ಫೈಲಿನೊಳಗ ಪ್ಯಾಕ್ ಮಾಡ್ರಿ, ಔಟ್‌ಪುಟ್ ವಿಡಿಯೋ ಅಲ್ಲ, ಇಮೇಜ್ ಸೀಕ್ವೆನ್ಸ್ (ಫ್ರೇಮಿಗೊಂದು ಚಿತ್ರದ ಫೈಲ್) ಇಡ್ರಿ. ಆಮ್ಯಾಲ ಪ್ರತಿ ಶಾಟಿನ ಎರಡು-ಮೂರು ಫ್ರೇಮ್ ಫಾರ್ಮಿನಾಗೇ ಓಡಿಸ್ರಿ, ಅಲ್ಲಿ ಬಂದ ಬಿಲ್ಲು ನಿಮ್ಮ ಲೆಕ್ಕಕ್ಕ ತಾಳೆ ಆದ್ರ ಮಾತ್ರ ಉಳಿದದ್ದು ಕಳಿಸ್ರಿ. ಕ್ಲೈಂಟಿಗೆ ಕೊಡೋ ಕೊಟೇಶನ್ನಿನಾಗ ರೆಂಡರಿಂದು ಬ್ಯಾರೆ ಸಾಲಿನಾಗ ಬರೀರಿ, ಯಾವ ರೆಸಲ್ಯೂಷನ್, ಎಷ್ಟ್ ಫ್ರೇಮ್, ಎಷ್ಟ್ ಸಲ ಬದಲಾವಣೆ ಅನ್ನೋದನ್ನೂ ಅದರ ಬಾಜೂಕ ಹಾಕ್ರಿ.