ಕೀ ತಿರುಗಿಸಿದರೂ ದೋಣಿಯ ಮೋಟಾರ್ ಸುಮ್ಮನಿದೆಯೇ? ಬ್ಯಾಟರಿ ಬದಲಿಸುವ ಮುನ್ನ ಹೀಗೆ ಹುಡುಕಿ

ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ದಡ ಸೇರಿದ ದೋಣಿಯನ್ನು ಮುಂಗಾರಿನಲ್ಲಿ ಮತ್ತೆ ನೀರಿಗಿಳಿಸುವ ಹೊತ್ತಿಗೆ ಈ ತೊಂದರೆ ಎದುರಾಗುತ್ತದೆ: ಕೀ ಹಾಕಿದರೆ ಸೆಲ್ಫ್ ತಿರುಗದು, ಮೀಟರಿನ ಮುಳ್ಳು ಅಲ್ಲಾಡದು. ತಕ್ಷಣ ಹೊಸ ಬ್ಯಾಟರಿ ತರುವುದು ಬಹಳ ಸಲ ದುಡ್ಡು ದಂಡ. ಹಳೆಯ ಔಟ್‌ಬೋರ್ಡ್ ಮೋಟಾರಿನಲ್ಲಿ ಕರೆಂಟ್ ಕೈಕೊಡುವುದು ಹೆಚ್ಚಾಗಿ ಜೋಡಣೆಗಳಲ್ಲಿ. ಎಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ಅಳೆದರೆ ದೋಷ ತಾನಾಗಿ ಸಿಗುತ್ತದೆ.

ಬೇಕಾದ್ದು ಒಂದು ಡಿಜಿಟಲ್ ಮಲ್ಟಿಮೀಟರ್, ಎಮರಿ ಪೇಪರ್, ಸ್ಪ್ಯಾನರ್ ಮತ್ತು ಒಂದು ಟೆಸ್ಟ್ ಲ್ಯಾಂಪ್. ಕಾರಿನ ಇಂಡಿಕೇಟರಿನ 12 ವೋಲ್ಟ್, 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿಸಿ, ತುದಿಗೆ ಕ್ಲಿಪ್ ಸಿಕ್ಕಿಸಿದರೆ ಲ್ಯಾಂಪ್ ಸಿದ್ಧ. ಇದು ಮೀಟರಿಗಿಂತ ಪ್ರಾಮಾಣಿಕ. ತುಕ್ಕು ಹಿಡಿದ ಜೋಡಣೆಯಲ್ಲೂ ಮೀಟರ್ 12.5 ವೋಲ್ಟ್ ತೋರಿಸಿಬಿಡುತ್ತದೆ. ಬಲ್ಬ್ ಮಾತ್ರ ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುವುದರಿಂದ ಅಲ್ಲಿ ಮಂಕಾಗಿ ಉರಿಯುತ್ತದೆ, ಇಲ್ಲವೇ ಉರಿಯುವುದೇ ಇಲ್ಲ.

ಕೆಲಸಕ್ಕೆ ಮುಂಚೆ ಮೋಟಾರಿನ ಮುಚ್ಚಳ ತೆಗೆದು ಪೆಟ್ರೋಲ್ ವಾಸನೆ ಪೂರ್ತಿ ಹೋಗುವವರೆಗೆ ಗಾಳಿಯಾಡಲು ಬಿಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಅದು ಅರ್ಧಂಬರ್ಧ ಸರಿದಿದ್ದರೂ ನ್ಯೂಟ್ರಲ್ ಸ್ವಿಚ್ ಸೆಲ್ಫನ್ನು ತಡೆಹಿಡಿಯುತ್ತದೆ. ಹಿಡಿಯನ್ನು ಹಿಂದೆಮುಂದೆ ಆಡಿಸಿ ಇನ್ನೊಮ್ಮೆ ಕೀ ತಿರುಗಿಸಿ.

ಬ್ಯಾಟರಿ ಮತ್ತು ಫ್ಯೂಸ್

ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟ ಬ್ಯಾಟರಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 11.9ಕ್ಕಿಂತ ಕೆಳಗಿದ್ದರೆ ಖಾಲಿ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗಿಳಿದರೆ, ಚಾರ್ಜ್ ಮಾಡಿ ಮತ್ತೆ ನೋಡಿ. ಆಗಲೂ ಇಳಿದರೆ ಬ್ಯಾಟರಿಯ ಆಯಸ್ಸು ಮುಗಿದಿದೆ.

ಮುಖ್ಯ ಫ್ಯೂಸ್ ಮೋಟಾರಿನ ಮೇಲೆಯೇ ಇರುತ್ತದೆ, ಸಾಮಾನ್ಯವಾಗಿ 20 ಆಂಪಿಯರ್. ಹೊರತೆಗೆದು ಮೀಟರಿನಲ್ಲಿ ನೋಡಿ. ಫ್ಯೂಸಿಗಿಂತ ಅದರ ಹೋಲ್ಡರ್ ಹೆಚ್ಚು ಕಾಡುತ್ತದೆ. ಒಳಗೆ ಹಸಿರು ಪುಡಿ ಕಂಡರೆ ಹೋಲ್ಡರನ್ನೇ ಬದಲಿಸಿ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ದೊಡ್ಡ ಆಂಪಿಯರಿನದು ಹಾಕಬೇಡಿ, ವೈರಿಂಗೇ ಸುಟ್ಟೀತು. ಶೆಡ್ಡಿನಲ್ಲಿ ನಿಂತ ಮೋಟಾರಾದರೆ ಇಲಿ ಕಡಿದ ವೈರ್ ಲೋಹಕ್ಕೆ ತಾಗಿದೆಯೇ ನೋಡಿ.

ವೋಲ್ಟ್ ಕಳೆಯುವ ಜಾಗ

ಇಲ್ಲಿ ಅವಸರ ಬೇಡ. ಎಂಜಿನ್ ಸ್ಟಾರ್ಟ್ ಆಗದಂತೆ ಕಿಲ್ ಸ್ವಿಚ್ಚಿನ (ಎಂಜಿನ್ ತಕ್ಷಣ ನಿಲ್ಲಿಸುವ ತುರ್ತು ಸ್ವಿಚ್) ಹಗ್ಗದ ಕ್ಲಿಪ್ ತೆಗೆದಿಡಿ. ಕೆಲವು ಮಾದರಿಗಳಲ್ಲಿ ಕ್ಲಿಪ್ ಇಲ್ಲದೆ ಸೆಲ್ಫೂ ತಿರುಗದು. ಅಂಥವುಗಳಲ್ಲಿ ಪ್ಲಗ್ ವೈರ್ ಕಳಚಿ ಎಂಜಿನ್ ಬ್ಲಾಕಿಗೆ ಅರ್ತ್ ಮಾಡಿ.

ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೇ ಒತ್ತಿ; ಕ್ಲಾಂಪಿಗಲ್ಲ. ಕಪ್ಪು ಮೊನೆಯನ್ನು ಸೊಲೆನಾಯ್ಡಿನಲ್ಲಿ (ಕೀ ತಿರುಗಿಸಿದಾಗ ಸೆಲ್ಫಿಗೆ ಕರೆಂಟ್ ಹಾಯಿಸುವ ಸ್ವಿಚ್) ಬ್ಯಾಟರಿ ಕೇಬಲ್ ಬಂದು ಸೇರುವ ಬೋಲ್ಟಿಗೆ ಹಿಡಿಯಿರಿ. ಇನ್ನೊಬ್ಬರು ಐದು ಸೆಕೆಂಡ್ ಕೀ ತಿರುಗಿಸಲಿ. 0.3 ವೋಲ್ಟ್‌ವರೆಗೆ ತೋರಿಸಿದರೆ ಕೇಬಲ್ ಸರಿ. 1 ವೋಲ್ಟ್ ದಾಟಿದರೆ ನಡುವೆ ಎಲ್ಲೋ ತಡೆ ಇದೆ. ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿನಿಂದ ಕೇಬಲ್ ತುದಿಗೆ ಹೀಗೆ ತುಂಡು ತುಂಡಾಗಿ ಅಳೆಯಿರಿ. ನೆಗೆಟಿವ್ ಕಂಬಕ್ಕೂ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೂ ಮಧ್ಯೆ ಇದೇ ಪರೀಕ್ಷೆ ಮಾಡಿ. ಅರ್ತ್ ಬೋಲ್ಟ್ ಸಡಿಲವಾಗಿದ್ದು, ಅಡಿಯಲ್ಲಿ ತುಕ್ಕು ಕೂತಿರುವುದು ತೀರಾ ಸಾಮಾನ್ಯ.

ತಡೆ ಸಿಕ್ಕ ಮೇಲೆ ನೆಗೆಟಿವ್ ಮೊದಲು ಕಳಚಿ. ಬಿಳಿ ಪುಡಿಯನ್ನು ಅಡುಗೆ ಸೋಡಾ ನೀರಿನಿಂದ ತೊಳೆದು, ಒಣಗಿಸಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟುಗಳು ಅಲೆಯ ಅದುರಿಗೆ ಸಡಿಲವಾಗುತ್ತವೆ. ಬದಲು ಲಾಕ್ ನಟ್ ಹಾಕಿ. ಕರಾವಳಿಯಲ್ಲಿ ಓಡಿದ ಸೆಕೆಂಡ್ ಹ್ಯಾಂಡ್ ಮೋಟಾರಾದರೆ ಕೇಬಲ್ ತುದಿಯ ಪ್ಲಾಸ್ಟಿಕ್ಕನ್ನು ಒಂದಿಂಚು ಸೀಳಿ ನೋಡಿ. ಉಪ್ಪುನೀರು ಹೀರಿದ ತಾಮ್ರ ಒಳಗೆ ಕಪ್ಪಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಕೇಬಲ್ ಬದಲಿಸಲೇಬೇಕು.

ಟಕ್ ಎನ್ನುವ ಸದ್ದು

ಕೀ ತಿರುಗಿಸಿದಾಗ ಸೊಲೆನಾಯ್ಡ್ ಟಕ್ ಎಂದರೆ ಕೀ, ಫ್ಯೂಸ್, ನ್ಯೂಟ್ರಲ್ ಸ್ವಿಚ್ ಮೂರೂ ಕೆಲಸ ಮಾಡುತ್ತಿವೆ. ದೋಷ ದಪ್ಪ ಕೇಬಲ್ಲಿನಲ್ಲಿ, ಸೊಲೆನಾಯ್ಡಿನಲ್ಲಿ ಅಥವಾ ಸೆಲ್ಫ್ ಮೋಟಾರಿನಲ್ಲಿದೆ. ಸದ್ದೇ ಇಲ್ಲದಿದ್ದರೆ ಕಂಟ್ರೋಲ್ ಬಾಕ್ಸಿನಿಂದ ಬರುವ ದೊಡ್ಡ ಪ್ಲಗ್ ಬಿಚ್ಚಿ, ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಮತ್ತೆ ಸೇರಿಸಿ. ಒಮ್ಮೆ ಬಂದು ಒಮ್ಮೆ ಹೋಗುವ ಕರೆಂಟಿಗೆ ಈ ಪ್ಲಗ್ಗನ್ನೇ ಮೊದಲು ಅನುಮಾನಿಸಬೇಕು.

ಚಾರ್ಜ್ ಆಗುತ್ತಿದೆಯೇ?

ದೋಣಿ ನೀರಿನಲ್ಲಿರುವಾಗ ಮಾತ್ರ ಈ ಪರೀಕ್ಷೆ. ಒಣಗಿ ಓಡಿಸಿದರೆ ನೀರಿನ ಪಂಪಿನ ಇಂಪೆಲ್ಲರ್ ಹಾಳಾಗುತ್ತದೆ. 2000 ಆರ್‌ಪಿಎಂ ದಾಟಿಸಿದಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಬರಬೇಕು. ಏರದಿದ್ದರೆ ಎಂಜಿನ್ ನಿಲ್ಲಿಸಿ, ರೆಕ್ಟಿಫೈಯರಿನ (ಮೋಟಾರ್ ಹುಟ್ಟಿಸುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಭಾಗ) ವೈರ್ ಕಳಚಿ, ಮೀಟರಿನ ಡಯೋಡ್ ಗುರುತಿನಲ್ಲಿ ನೋಡಿ: ಒಂದು ದಿಕ್ಕಿನಲ್ಲಿ ರೀಡಿಂಗ್ ಬರಬೇಕು, ಮೊನೆ ಅದಲುಬದಲು ಮಾಡಿದರೆ ಬರಬಾರದು. ಎರಡೂ ಕಡೆ ಒಂದೇ ಬಂದರೆ ಅದು ಸುಟ್ಟಿದೆ. ಎಂಜಿನ್ ಓಡುವಾಗ ಬ್ಯಾಟರಿ ಕಳಚಿದರೆ ರೆಕ್ಟಿಫೈಯರ್ ಸುಡಬಹುದು, ಎಂದೂ ಹಾಗೆ ಮಾಡಬೇಡಿ.

ನಡುನೀರಿನಲ್ಲಿ ಕೈಕೊಟ್ಟರೆ ದಾರಿಯಿದೆ. ಹಳೆಯ ಟೂ ಸ್ಟ್ರೋಕ್ ಮೋಟಾರುಗಳಲ್ಲಿ ಬಹುಪಾಲು ಬ್ಯಾಟರಿ ಇಲ್ಲದೆಯೂ ತಮ್ಮ ಕಿಡಿಯನ್ನು ತಾವೇ ಹುಟ್ಟಿಸಿಕೊಳ್ಳುತ್ತವೆ. ಕಿಲ್ ಸ್ವಿಚ್ಚಿನ ಕ್ಲಿಪ್ ಮತ್ತೆ ಸಿಕ್ಕಿಸಿ, ಕೀ ಆನ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲಿಡಿ. ಮುಚ್ಚಳ ತೆಗೆದು, ಎಂಜಿನ್ನಿನ ತಲೆಯ ಮೇಲಿನ ಭಾರದ ಚಕ್ರವಾದ ಫ್ಲೈವೀಲಿನ ಕಚ್ಚಿಗೆ ಹಗ್ಗದ ಗಂಟು ಸಿಕ್ಕಿಸಿ, ಸುತ್ತಿ, ಒಂದೇ ಬೀಸಿಗೆ ಎಳೆಯಿರಿ. ಲೈಫ್ ಜಾಕೆಟ್ ಮೈಮೇಲಿರಲಿ, ಹೆಗಲ ಮೇಲೆ ಟವೆಲ್ ಇರಬಾರದು: ಮುಚ್ಚಳವಿಲ್ಲದ ಫ್ಲೈವೀಲ್ ಪಕ್ಕದಲ್ಲೇ ತಿರುಗುತ್ತಿರುತ್ತದೆ.