ಮೀನಿನ ದ್ವೀಪದಲ್ಲಿ ನನ್ನ ಸೊಪ್ಪಿನ ಮಡಿ

ಸಸ್ಯಾಹಾರಿ ಟೀಚರ್ ಮಾಲ್ಡೀವ್ಸ್‌ನ ಸಣ್ಣ ದ್ವೀಪದಲ್ಲಿ ಒಂದು ಟರ್ಮ್ ಕೂಡ ನಿಲ್ಲುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಹೇಳಿದ್ದೂ ಕ್ವಾರ್ಟರ್ಸ್‌ನಲ್ಲಿದ್ದ ನಮ್ಮ ದೇಶದ ಟೀಚರ್‌ಗಳೇ. "ಮೀನು ತಿನ್ನೋದು ಕಲೀರಿ, ಇಲ್ಲಾಂದ್ರೆ ರಾಜಧಾನಿ ಮಾಲೆಗೆ ವರ್ಗ ಕೇಳಿ" ಎಂದರು. ನಾನು ಎರಡೂ ಮಾಡಲಿಲ್ಲ. ಕಾಂಟ್ರಾಕ್ಟ್ ಮತ್ತೆ ಮತ್ತೆ ಮುಂದುವರಿದಿದೆ. ಈಗ ಅದೇ ಕ್ವಾರ್ಟರ್ಸ್‌ನಿಂದ ಹರಿವೆ ಕೇಳಿಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾದ್ದರಿಂದ ಒಂದು ಸಲ ಬರೆದುಬಿಡುತ್ತೇನೆ.

ದ್ವೀಪದ ಶಾಲೆಯ ಕೆಲಸ ನಿಮಗೆ ಗೊತ್ತೇ ಇದೆ. ಭಾನುವಾರದಿಂದ ಗುರುವಾರ ಕ್ಲಾಸು, ಶುಕ್ರವಾರ ಶನಿವಾರ ರಜೆ. ನಾನು ಹೈಸ್ಕೂಲಿನ ಗಣಿತದ ಮಿಸ್. ಲೆಸನ್ ಪ್ಲ್ಯಾನ್, ಅದನ್ನು ನೋಡುವ ಮೇಲಿನ ಲೀಡಿಂಗ್ ಟೀಚರ್, ಇವೆಲ್ಲ ಎಲ್ಲ ಕಡೆಯೂ ಒಂದೇ ಥರ. ಪಾಠ ಮಾಡುವುದು ನನಗೆ ಎಂದೂ ಕಷ್ಟ ಆಗಲಿಲ್ಲ. ಕಷ್ಟ ಇದ್ದದ್ದು ಮೂರು ಹೊತ್ತಿನ ಊಟದ್ದು. ಅಂಗಡಿಯಲ್ಲಿ ಈರುಳ್ಳಿ, ಆಲೂಗಡ್ಡೆ, ಬೇಳೆಗೆ ತೊಂದರೆ ಇಲ್ಲ. ಭಾರತ ಮತ್ತು ಮಾಲ್ಡೀವ್ಸ್ ನಡುವೆ 1981ರ ವ್ಯಾಪಾರ ಒಪ್ಪಂದ ಇದೆ. ನಮ್ಮಲ್ಲಿ ಈರುಳ್ಳಿ ರಫ್ತು ನಿಲ್ಲಿಸಿದಾಗಲೂ ಇಲ್ಲಿಗೆ ಕೋಟಾ ಬರುತ್ತದೆ. ಆದರೆ ಹಸಿ ತರಕಾರಿ, ಸೊಪ್ಪು ಎಲ್ಲ ಮಾಲೆಯಿಂದ ಸರಕು ಬೋಟಿನಲ್ಲೇ ಬರಬೇಕು. ಹುಲ್‌ಹಂಗು, ಅಂದರೆ ನೈಋತ್ಯ ಮುಂಗಾರು ಗಾಳಿ ಜೋರಾಗಿರುವ ತಿಂಗಳುಗಳಲ್ಲಿ, ಮೇ ಇಂದ ನವೆಂಬರ್‌ವರೆಗೆ, ಸಮುದ್ರ ಎದ್ದರೆ ಬೋಟು ಹೊರಡುವುದೇ ಇಲ್ಲ. ಬಂದಾಗ ಸೊಪ್ಪು ಕೊಳೆತು ಕಪ್ಪಾಗಿರುತ್ತದೆ. ಅದಕ್ಕೂ ಪೂರ್ತಿ ರೇಟು.

ದುಡ್ಡಿನ ಲೆಕ್ಕ ಹೇಳುತ್ತೇನೆ, ನೆನಪಿನಿಂದ. ಮೊದಲ ವರ್ಷ ತಿಂಗಳಿಗೆ ಊಟಕ್ಕೇ ಹತ್ತಿರ ಹತ್ತಿರ 3000 ರುಫಿಯಾ (ಇಲ್ಲಿಯ ಹಣ) ಹೋಗುತ್ತಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತರಕಾರಿ ಮತ್ತು ಹಣ್ಣಿಗೆ. ನನ್ನ ಸಂಬಳಕ್ಕೆ ಅದು ಜಾಸ್ತಿಯೇ. ಊರಿಗೆ ಕಳಿಸುವುದು ಬೇರೆ ತಲೆನೋವು. ಅಧಿಕೃತ ದರ ಡಾಲರಿಗೆ 15.42 ರುಫಿಯಾ. ಆ ದರಕ್ಕೆ ಬೇಕಾದಷ್ಟು ಡಾಲರ್ ಎಲ್ಲಿ ಸಿಗುತ್ತದೆ? ಬ್ಯಾಂಕಿನ ಹೊರಗೆ ಕೊಂಡರೆ ಇನ್ನೂ ಜಾಸ್ತಿ ಕೊಡಬೇಕು. ನನಗಿಂತ ಮೊದಲು ಬಂದವರು, 2016ರಲ್ಲಿ ಶುರುವಾದ ಶೇಕಡಾ 3ರ ತೆರಿಗೆಯನ್ನೂ ಊರಿಗೆ ಕಳಿಸುವ ಹಣದ ಮೇಲೆ ಕಟ್ಟಿದವರು. ಅದು 2020ಕ್ಕೆ ಹೋಯಿತು. ಹೀಗಾಗಿ ದ್ವೀಪದಲ್ಲಿ ಉಳಿಸಿದ ರುಫಿಯಾಗೆ ಬೆಲೆ ಇದೆ.

ಮೊದಲು ಮಾಡಿದ ಕೆಲಸ ಕ್ವಾರ್ಟರ್ಸ್ ಬಿಟ್ಟಿದ್ದು. ಒಂದು ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದೆ. ಅಂಗಳ ಇತ್ತು, ಬಾವಿ ಇತ್ತು, ಒಂದು ದೊಡ್ಡ ಜೀಗುಜ್ಜೆ (ದೀವಿಹಲಸು) ಮರ ಇತ್ತು. ನಾವು ಪುತ್ತೂರಿನ ಕಡೆಯವರು, ಜೀಗುಜ್ಜೆ ಮರ ನೋಡಿಯೇ ಮನೆ ಒಪ್ಪಿದೆ. ಮನೆಯವರನ್ನು ಎಲ್ಲರಂತೆ ನಾನೂ ದಾತ್ತ ಎಂದೇ ಕರೆಯುತ್ತೇನೆ, ಅಕ್ಕ ಅಂತ. ಕ್ವಾರ್ಟರ್ಸ್‌ನವರಿಗೆ ಇದು ಹಿಡಿಸಲಿಲ್ಲ. ಸುಮ್ನೆ ಬಾಡಿಗೆ ದಂಡ ಎಂದರು. ಬಾಡಿಗೆ ಎಷ್ಟು ಎಂದು ಮಾತ್ರ ಕೇಳಬೇಡಿ, ದಾತ್ತ ನನಗೆ ಕೊಟ್ಟ ರೇಟು ಬೇರೆ ಯಾರಿಗೂ ಕೊಡುವುದಿಲ್ಲ.

ಗೋಣಿಚೀಲದಲ್ಲಿ ಗಿಡ ಬೆಳೆಸುವುದು, ಕಾಂಪೋಸ್ಟ್ ಮಾಡುವುದು ನಿಮಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಬೇರೆ ಇರುವುದು ಮಣ್ಣು. ಮಣ್ಣು ಅನ್ನುವುದೇ ಇಲ್ಲ, ಎಲ್ಲ ಹವಳದ ಮರಳು. ಅಂದರೆ ಪೂರ್ತಿ ಸುಣ್ಣ. ಮೊದಲ ಹರಿವೆ ಒಂದು ಗೇಣು ಬೆಳೆದು ನಿಂತುಬಿಟ್ಟಿತು. ಎಲೆ ಪೂರ್ತಿ ಹಳದಿ, ನರ ಮಾತ್ರ ಹಸಿರು. ಸುಣ್ಣದ ಮಣ್ಣಿನಲ್ಲಿ ಕಬ್ಬಿಣದ ಅಂಶ ಗಿಡಕ್ಕೆ ಸಿಗುವುದಿಲ್ಲ, ಅದರ ಗುರುತು ಇದು. ಊರಿನ ಅಭ್ಯಾಸದಂತೆ ಒಲೆಯ ಬೂದಿ ಹಾಕಿದ ಚೀಲಗಳು ಇನ್ನೂ ಬೇಗ ಸತ್ತವು. ಬೂದಿಯೂ ಸುಣ್ಣದ ಜಾತಿಯೇ ಅಲ್ವಾ? ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ, ಹವಳದ ಮರಳಿಗೆ ಬೂದಿ ಬೇಡ. ಮಾಲೆಯಿಂದ ತರಿಸಿದ ಚೀಲದ ಮಣ್ಣು ಚೆನ್ನಾಗಿಯೇ ಇತ್ತು. ಆದರೆ ಬೋಟಿನ ಕೂಲಿ ಸೇರಿ ಒಂದು ಕಟ್ಟು ಸೊಪ್ಪಿಗೆ ಅಂಗಡಿಯ ರೇಟಿಗಿಂತ ಜಾಸ್ತಿ ಬಿತ್ತು. ಕೊತ್ತಂಬರಿ ಸೆಕೆಗೆ ಸುಟ್ಟು ಹೋಯಿತು. ಟೊಮೆಟೊ ಹೂವು ಬಿಟ್ಟಾಗ ಪಡುವಣ ಗಾಳಿ ಉಪ್ಪು ತಂದು ಸುರಿಯಿತು, ಎರಡೇ ದಿನಕ್ಕೆ ಗಿಡ ಮುದುಡಿತು. ಆ ವರ್ಷ ಬೀಜ, ಚೀಲ, ಗೊಬ್ಬರ ಅಂತ ಏನಿಲ್ಲವೆಂದರೂ 1500 ರುಫಿಯಾ ಹೋಗಿದೆ. ಕೈಗೆ ಬಂದದ್ದು ಒಂದೆರಡು ಸಾರಿಗಾಗುವಷ್ಟು ಸೊಪ್ಪು.

ದಾರಿ ತೋರಿಸಿದ್ದು ದಾತ್ತನ ಅಪ್ಪ. ತುಂಬ ವಯಸ್ಸಾದವರು, ಮೊದಲು ಧೋಣಿಯಲ್ಲಿ ಮೀನು ಹಿಡಿಯುತ್ತಿದ್ದವರು. ನಾನು ಬೀಜ ಬಿತ್ತುವಾಗೆಲ್ಲ ಜೋಲಿಯ ಮೇಲೆ ಕೂತು ತಲೆ ಅಲ್ಲಾಡಿಸುತ್ತಿದ್ದರು. ಜೋಲಿ ಅಂದರೆ ಹಗ್ಗ ಹೆಣೆದ ಕುರ್ಚಿ, ಇಲ್ಲಿ ಪ್ರತಿ ಮನೆಯ ಮುಂದೆ ಇರುತ್ತದೆ. ಒಂದು ದಿನ ಕೇಳಿಯೇಬಿಟ್ಟೆ. "ಮಿಸ್, ಇದು ರೋನು. ಮಿಯಹೆಲಿಯ ಕಳೀಲಿ, ಅದ ಬರಲಿ, ಆಮೇಲೆ ಹಾಕಿ" ಎಂದು ದಾತ್ತ ಅವರ ಮಾತನ್ನು ಬಿಡಿಸಿ ಹೇಳಿದರು. ನನಗೆ ಮೈ ಜುಮ್ಮೆಂದಿತು. ಇದು ನಮ್ಮ ಅಜ್ಜನ ಲೆಕ್ಕವೇ! ರೋಹಿಣಿ, ಮೃಗಶಿರ, ಆರಿದ್ರ. ಇವರು ಅದನ್ನು ನಕೈ ಎನ್ನುತ್ತಾರೆ. ವರ್ಷಕ್ಕೆ 27 ನಕೈ, ಒಂದೊಂದಕ್ಕೆ 13 ಅಥವಾ 14 ದಿನ. ಅಶ್ವಿನಿ ಇಲ್ಲಿ ಅಸ್ಸಿದ, ಏಪ್ರಿಲ್ 8ಕ್ಕೆ ಶುರು. ನಮ್ಮ ಪಂಚಾಂಗದಲ್ಲಿ ಅಶ್ವಿನಿ ಮಳೆ ಅದಕ್ಕಿಂತ ಐದಾರು ದಿನ ತಡ. ಹುಲ್‌ಹಂಗು ಗಾಳಿ ಅಸ್ಸಿದದಿಂದ ಶುರುವಾಗಿ 18 ನಕೈ ನಡೆಯುತ್ತದೆ. ಉಳಿದ 9 ನಕೈ ಇರುವೈ, ಒಣ ಗಾಳಿಯ ಕಾಲ. ಮೀನಿಗೆ, ಬೋಟಿಗೆ, ಬಿತ್ತನೆಗೆ ಹಿರಿಯರು ನೋಡುವುದು ಇದನ್ನೇ. ಅಂದಿನಿಂದ ನನ್ನ ಲೆಸನ್ ಪ್ಲ್ಯಾನ್ ಪುಸ್ತಕದ ಕೊನೇ ಹಾಳೆಯಲ್ಲಿ ನಕೈ ಪಟ್ಟಿ ಇದೆ, ಪಕ್ಕದಲ್ಲಿ ನಮ್ಮ ಮಳೆ ನಕ್ಷತ್ರ.

ಆ ಅಜ್ಜನ ಜೊತೆ ಮಾತು ಶುರುವಾಯಿತು ನೋಡಿ, ದ್ವೀಪದ ಮನೆಗಳೆಲ್ಲ ತೆರೆದುಕೊಂಡವು. ಅಲ್ಲಿಯವರೆಗೆ ನಾನು ಬರೀ ಶಾಲೆಯ ಮಿಸ್. ಆಮೇಲೆ ಗಿಡ ಹಾಕುವ ಮಿಸ್. ಸಂಜೆ ಹೋಗುವಾಗ ಕರೆದು ಕೂರಿಸಿ ಕಪ್ಪು ಚಹಾ ಕೊಡುತ್ತಿದ್ದರು. ಪೇರೆಂಟ್ಸ್ ಮೀಟಿಂಗಿಗೆ ಬಾರದ ತಾಯಂದಿರು ಬದನೆ ಗಿಡದ ನೆಪದಲ್ಲಿ ಬಂದು ಮಗನ ಲೆಕ್ಕದ ಮಾರ್ಕ್ಸ್ ಕೇಳಿ ಹೋಗುತ್ತಾರೆ. ಶಾಲೆಯಲ್ಲಿ ಎಷ್ಟು ಸರ್ಕ್ಯುಲರ್ ಕಳಿಸಿದರೂ ಆಗದ ಕೆಲಸ ಇದು.

ಮಣ್ಣಿನ ಹದ ಈಗ ಹೀಗಿದೆ. ಎರಡು ಪಾಲು ಕಾಂಪೋಸ್ಟ್, ಒಂದು ಪಾಲು ಹಳೇ ತೆಂಗಿನ ನಾರಿನ ಪುಡಿ, ಒಂದೇ ಪಾಲು ಮರಳು. ಕಾಂಪೋಸ್ಟಿಗೆ ಜೀಗುಜ್ಜೆ ಎಲೆಯೇ ಮುಖ್ಯ. ಇಲ್ಲಿ ಹೆಂಗಸರು ಬೆಳಗ್ಗೆ ಎದ್ದು ರಸ್ತೆಯ ಮರಳನ್ನೆಲ್ಲ ಗುಡಿಸುತ್ತಾರೆ. ಎಲೆಯ ರಾಶಿ ಬಿಟ್ಟಿ ಸಿಗುತ್ತದೆ, ಕೇಳಿದರೆ ಚೀಲದಲ್ಲಿ ತುಂಬಿಸಿಯೂ ಕೊಡುತ್ತಾರೆ. ಕೊಳೆಯಲು ನಾಲ್ಕು ತಿಂಗಳಾದರೂ ಬಿಡಿ. ಇದಕ್ಕೆ ಅಜ್ಜ ಹೇಳಿಕೊಟ್ಟ ಇನ್ನೊಂದು ವಸ್ತು ಸೇರಿಸುತ್ತೇನೆ. ಅದು ಅವರ ಮನೆಯ ವಿದ್ಯೆ, ಅವರನ್ನು ಕೇಳದೆ ಬರೆಯುವುದಿಲ್ಲ. ಅದಿಲ್ಲದೆಯೂ ಹರಿವೆ ಚೆನ್ನಾಗಿಯೇ ಬರುತ್ತದೆ, ಬಣ್ಣ ಸ್ವಲ್ಪ ಕಮ್ಮಿ ಅಷ್ಟೆ. ನೀರಿನ ವಿಷಯ ಜಾಗ್ರತೆ. ಮಳೆ ನೀರಿನ ಟ್ಯಾಂಕು ಕುಡಿಯುವುದಕ್ಕೆ, ಅದನ್ನು ಗಿಡಕ್ಕೆ ಮುಟ್ಟಬಾರದು. ಬಾವಿ ನೀರು ಫೆಬ್ರವರಿ ಕಳೆದ ಮೇಲೆ ಎರಡು ತಿಂಗಳು ಉಪ್ಪಾಗುತ್ತದೆ. ದ್ವೀಪದ ಕೆಳಗೆ ಸಿಹಿನೀರು ತೆಳ್ಳಗೆ ಒಂದು ಪದರ ಮಾತ್ರ ಇರುವುದು, ಪಂಪು ಹಾಕಿ ಎಳೆದಷ್ಟೂ ಸಮುದ್ರದ ನೀರು ಮೇಲೆ ಬರುತ್ತದೆ. ಕೊಡದಲ್ಲಿ ಸೇದಿ ಸಂಜೆ ಮಾತ್ರ ಹಾಕುತ್ತೇನೆ. ಆ ಎರಡು ತಿಂಗಳು ಹರಿವೆ ಬಿಟ್ಟು ನುಗ್ಗೆ ಸೊಪ್ಪಿನಲ್ಲೇ ಸಾಗಿಸುತ್ತೇನೆ. ನುಗ್ಗೆ ಮರ ಇಲ್ಲಿ ಬೇಕಾದಷ್ಟಿದೆ, ಅವರೂ ಸೊಪ್ಪು ತಿನ್ನುತ್ತಾರೆ.

ಸಿಹಿಕುಂಬಳದ ಕಥೆ ಬೇರೆ. ಮೀನಿನ ತಲೆ, ಕರುಳು ಬುಡದಲ್ಲಿ ಹೂತರೆ ಬಳ್ಳಿ ಹುಚ್ಚೆದ್ದು ಹಬ್ಬುತ್ತದೆ ಎಂದು ಎಲ್ಲರೂ ಹೇಳಿದರು. ನನ್ನ ಕೈಯಿಂದ ಆಗುವ ಕೆಲಸ ಅಲ್ಲ ಅದು. ಹಾಗಂತ ಇವರ ಮನೆಯ ಅನ್ನವೇ ಮೀನು, ಅಸಹ್ಯ ಪಡುವುದು ನನಗೆ ಸರಿ ಕಾಣಲಿಲ್ಲ. ದಾತ್ತನ ಮಗ ಒಂದು ಗುಂಡಿಯಲ್ಲಿ ಹೂತ, ಇನ್ನೊಂದಕ್ಕೆ ನನ್ನ ಎಲೆಗೊಬ್ಬರ. ಎರಡನ್ನೂ ಎಂಟನೇ ಕ್ಲಾಸಿನ ಮಕ್ಕಳು ಪ್ರತಿ ವಾರ ಅಳೆದು ಗ್ರಾಫ್ ಬರೆದರು. ಮೀನಿನದ್ದೇ ಗೆದ್ದಿತು, ಹತ್ತಿರ ಹತ್ತಿರ ಎರಡು ಪಟ್ಟು. ಆ ಟರ್ಮಿನಲ್ಲಿ ಗ್ರಾಫ್ ಪ್ರಶ್ನೆಯನ್ನು ಬಿಟ್ಟು ಬಂದ ಮಗು ನನ್ನ ಕ್ಲಾಸಿನಲ್ಲಿ ಇರಲಿಲ್ಲ.

ಊಟದ ಮಾತಿಗೆ ಬರುತ್ತೇನೆ. ಇಲ್ಲಿಯ ಬೆಳಗಿನ ತಿಂಡಿ ಮಸ್‌ಹುನಿ ಮತ್ತು ರೊಶಿ, ಅಂದರೆ ಮೀನು, ತೆಂಗಿನ ತುರಿ ಕಲಸಿದ್ದು ಮತ್ತು ಚಪಾತಿಯಂಥ ರೊಟ್ಟಿ. ಮೀನು ಅಂತ ನಾನು ದೂರವೇ ಇದ್ದೆ. ದಾತ್ತ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದ ಮೇಲೆ ಗೊತ್ತಾಯಿತು. ಕೋಸಿನ ಜಾತಿಯ ಕೋಪಿ ಎಲೆಯನ್ನು ಸುರುಳಿ ಸುತ್ತಿ ಕೂದಲೆಳೆಯಷ್ಟು ಸಣ್ಣಗೆ ಹೆಚ್ಚುತ್ತಾರೆ. ಈರುಳ್ಳಿ, ಉಪ್ಪು, ಲಿಂಬೆರಸ, ಇಲ್ಲಿಯ ಗುಂಡು ಮೆಣಸಿನಕಾಯಿಯ ಒಂದು ಚೂರು. ಇದನ್ನು ಬೆರಳಿನಲ್ಲಿ ಹಿಸುಕಿ ಹಿಸುಕಿ, ಈರುಳ್ಳಿ ನೀರು ಬಿಟ್ಟು ಮೆತ್ತಗಾದ ಮೇಲೆ ತೆಂಗಿನ ತುರಿ, ಆಮೇಲೆ ಎಲೆ. ಮೀನು ಬೀಳುವುದು ಎಲ್ಲಕ್ಕಿಂತ ಕೊನೆಗೆ! ಅದಕ್ಕೆ ಮೊದಲು ನನ್ನ ಪಾಲು ತೆಗೆದಿಟ್ಟರೆ ಆಯಿತು. ಬಿಸಿ ರೊಶಿಯ ಜೊತೆ ಇದಕ್ಕಿಂತ ಒಳ್ಳೆಯ ತಿಂಡಿ ನಾನು ತಿಂದಿಲ್ಲ. ರಂಜಾನಿನಲ್ಲಿ ಹಗಲು ಹೊರಗೆ ಏನೂ ತಿನ್ನುವ ಹಾಗಿಲ್ಲ. ಉಪವಾಸ ಬಿಡುವ ಹೊತ್ತಿಗೆ ಎಷ್ಟೋ ಮನೆಯವರು ಕರೆಯುತ್ತಾರೆ. ಗುಳ, ಬಜಿಯ ಅಂತ ಕರಿದ ತಿಂಡಿಗಳು, ಎಲ್ಲದರ ಒಳಗೂ ಮೀನು. ಈಗ ನನಗೆ ಅಂತ ಬೇರೆ ತಟ್ಟೆಯಲ್ಲಿ ತೆಂಗಿನಕಾಯಿ ಹೂರಣದ ಗುಳ ಬರುತ್ತದೆ. ನಾನು ಜೀಗುಜ್ಜೆ ಪೋಡಿ ಕರಿದು ಒಯ್ಯುತ್ತೇನೆ.

ದೋಸೆ ಹಿಟ್ಟಿನ ಪ್ರಯೋಗ ಇನ್ನೂ ನಡೆಯುತ್ತಿದೆ. ಇಲ್ಲಿಯ ಸೆಕೆಗೆ ಹಿಟ್ಟು ಐದಾರು ಗಂಟೆಗೇ ಹುಳಿ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ರುಬ್ಬಿದರೆ ಬೆಳಗ್ಗೆ ಶಾಲೆಗೆ ಹೊರಡುವ ಮೊದಲು ಸರಿ ಹೋಗುತ್ತದೆ. ಉದ್ದಿನ ಬೇಳೆ ತೀರಿದಾಗ ಬೆಂದ ಜೀಗುಜ್ಜೆ ಸೇರಿಸಿ ನೋಡಿದೆ. ಮೆತ್ತಗೆ ಬರುತ್ತದೆ, ಅಂಚು ಗರಿ ಆಗುವುದಿಲ್ಲ.

ಈಗಿನ ಖರ್ಚು ತಿಂಗಳಿಗೆ 1200ರಿಂದ 1400 ರುಫಿಯಾ. ಬೇಳೆ, ಅಕ್ಕಿ, ಹಾಲಿನ ಪುಡಿ, ಎಣ್ಣೆ, ಅಷ್ಟಕ್ಕೇ. ಹರಿವೆ ಕಟ್ಟು ಕೊಟ್ಟ ಮನೆಗಳಿಂದ ತೆಂಗಿನಕಾಯಿ, ಬಾಳೆ, ಪಪ್ಪಾಯಿ ತಾನಾಗಿ ಬರುತ್ತದೆ. ಮಾರುವುದಿಲ್ಲ. ಟೀಚರ್ ವೀಸಾದಲ್ಲಿ ಬಂದು ವ್ಯಾಪಾರ ಮಾಡುವುದು ಸರಿಯಲ್ಲ, ಮಾರಿದರೆ ಈ ಕೊಡುಕೊಳ್ಳುವುದೂ ನಿಲ್ಲುತ್ತದೆ. ಮಾಲೆಯ ಬೋಟಿನಿಂದ ತರಿಸುವುದಿದ್ದರೆ ಒಬ್ಬೊಬ್ಬರೇ ಆರ್ಡರ್ ಮಾಡಬೇಡಿ. ನಾಲ್ಕು ಮನೆ ಸೇರಿ ಒಂದು ಪೆಟ್ಟಿಗೆ ಮಾಡಿ, ಬೋಟಿನವನಿಗೆ ಮೊದಲೇ ಫೋನ್ ಮಾಡಿ. ಶುಕ್ರವಾರ ಯಾವ ಕೆಲಸವೂ ಆಗುವುದಿಲ್ಲ, ನೆನಪಿರಲಿ.

ಈ ವರ್ಷ ಬೆಂಡೆ ಹಾಕಬೇಕು ಅಂತಿದೆ. ಅಜ್ಜ ಫುನೋಸ್ ನಕೈಗೆ (ನಮ್ಮ ಪುನರ್ವಸು) ಹಾಕಿ ಎನ್ನುತ್ತಾರೆ, ಅಂದರೆ ಜುಲೈ ಮೊದಲ ವಾರ. ನನ್ನ ಲೆಕ್ಕದಲ್ಲಿ ಅದಕ್ಕಿಂತ ಒಂದು ನಕೈ ಮೊದಲೇ ಹಾಕಬಹುದು. ಎರಡು ಸಾಲು ಅವರ ಮಾತಿಗೆ, ಎರಡು ಸಾಲು ನನ್ನ ಲೆಕ್ಕಕ್ಕೆ ಬಿತ್ತುತ್ತೇನೆ. ಅಳೆಯುವುದಕ್ಕೆ ಎಂಟನೇ ಕ್ಲಾಸಿನವರು ಈಗಲೇ ಸ್ಕೇಲ್ ಹಿಡಿದು ಕೂತಿದ್ದಾರೆ.